ಕೆಸರಿನ ಮೇಲೆ ಎರಡು ಹಲಗೆ

ಒಣಸೀಗಡಿ ಸುತ್ತಿಕೊಟ್ಟ ಪೇಪರಿನಲ್ಲಿತ್ತು ಆ ಚಿತ್ರ.
ಉಪ್ಪು ಹೀರಿ ಮೆತ್ತಗಾದ ಕಾಗದ,
ಕೊನೆಯಿಲ್ಲದ ಬಿಳೀ ಬಯಲು,
ನಡುವೆ ಇರುವೆಯಷ್ಟು ಒಂದು ಜೀವ:
ಕಾಲಿಗೆ ಹಲಗೆ, ಕೈಗೆ ಕೋಲು,
ಸೊಂಟದ ಹಗ್ಗಕ್ಕೆ ಹಿಂದಿನಿಂದ ಒಂದು ಮೂಟೆ.
ಕೆಳಗೆ ಬರೆದದ್ದು ಅರ್ಧ ಹರಿದಿತ್ತು.
‘ಉತ್ತರದ’ ಅನ್ನುವವರೆಗೆ ಒಂದು ಸಾಲು,
‘ನಲವತ್ತು ದಿನ ಒಬ್ಬಂಟಿ’ ಅಂತ ಇನ್ನೊಂದು.
ಗಂಡೋ ಹೆಣ್ಣೋ ಗೊತ್ತಾಗಲಿಲ್ಲ.

ನಾನು ಹಿಮ ಕಂಡವಳಲ್ಲ.
ಸಾಗರದ ಮೀನು ಮಾರ್ಕೆಟ್ಟಿನ ಐಸಿನ ಪುಡಿ
ಸತ್ತ ಬಂಗುಡೆಯ ಕಣ್ಣಮೇಲೆ ಕರಗುವುದು,
ಅಷ್ಟೇ ನನ್ನ ಉತ್ತರ ಧ್ರುವ.

ಆದರೆ ಕೆಸರು ಗೊತ್ತು.
ಮೇ ತಿಂಗಳಲ್ಲಿ ಹಿನ್ನೀರು ಹಿಂದೆ ಸರಿದಾಗ
ಶರಾವತಿಯ ತಳ ಮೈಲಿಗಟ್ಟಲೆ ಬಿದ್ದಿರುತ್ತದೆ,
ಮೇಲೆ ಹಪ್ಪಳ, ಒಳಗೆ ಹಸಿಹಿಟ್ಟು.
ದನ ಇಳಿದರೆ ಹೊಟ್ಟೆಮಟ್ಟ.
ದೋಣಿ ಮಗುಚಿಟ್ಟು, ಬಲೆ ಗಳುವಿಗೆ ಹಾಕಿ
ಸುಮ್ಮನೆ ಕೂತರೆ ನನಗೆ ಮಂಡಿ ಹಿಡಿಯುತ್ತದೆ.

ಹಲಸಿನ ಹಲಗೆ ಎರಡು, ಆಳುದ್ದ.
ಮೂತಿ ಮೇಲೆತ್ತಲು ಹಂಡೆಯ ಉಗಿಗೆ ಹಿಡಿದೆ.
ಒಂದು ಬಗ್ಗಿತು, ಒಂದು ಸೀಳಿತು,
ಸೀಳಿದ್ದಕ್ಕೆ ಡಾಲ್ಡಾ ಡಬ್ಬದ ತಗಡು ಹೊಡೆದೆ.
ಕಟ್ಟಲು ಸೈಕಲ್ ಟ್ಯೂಬು. ಎಳೆಯಲು
ಉದ್ದಕ್ಕೆ ಸೀಳಿದ ನೀಲಿ ಡ್ರಮ್ಮು,
ಅದರಲ್ಲಿ ಅವಲಕ್ಕಿ, ಬೆಲ್ಲ, ಮಿಡಿ ಉಪ್ಪಿನಕಾಯಿ,
ಕತ್ತಿ, ಟಾರ್ಪಾಲು, ಆ ಪೇಪರು.

‘ಎತ್ಲಾಗೆ ಹೊರಟ್ಯೇ ಕೆರಿಯಕ್ಕ?’
ಪಟ್ಟುಗುಪ್ಪೆ ಸೇತುವೆ ಮೇಲಿಂದ ಬೂದ್ಯಪ್ಪ.
‘ಉತ್ತರಕ್ಕೆ.’
‘ಉತ್ತರದಾಗೆ ಏನೈತೆ?’
‘ಮಡೆನೂರಿನ ಹಳೇ ಡ್ಯಾಮು ಐತಲ್ಲ’ ಅಂದೆ.
ಏನಾದರೂ ಹೇಳಬೇಕಲ್ಲ ಅವನಿಗೆ.

ಮೊದಲ ದಿನ ಬರೀ ಬಿದ್ದೆ.

ಎರಡನೇ ದಿನ ಕಾಲು ಎತ್ತುವುದನ್ನು ಬಿಟ್ಟೆ.
ಎತ್ತಬಾರದು, ತಳ್ಳಬೇಕು,
ದೋಸೆಕಲ್ಲಿನ ಮೇಲೆ ಎಣ್ಣೆ ಸವರಿದ ಹಾಗೆ.
ಸರ್ರ್, ಪಚಕ್. ಸರ್ರ್, ಪಚಕ್.
ಡ್ರಮ್ಮು ಹಿಂದೆ ಗೊಣಗುತ್ತ ಬಂತು.
ಬಿಸಿಲಿಗೆ ತಳವೆಲ್ಲ ಬೆಳ್ಳಗೆ ಹೊಳೆದು
ಕಣ್ಣು ಕಿರಿದು ಮಾಡಿ ನೋಡಿದರೆ, ಆ ಚಿತ್ರವೇ.

ಮರದ ಬೊಡ್ಡೆಗಳು. ನೀರಲ್ಲಿ ಅರವತ್ತು ವರ್ಷ ನಿಂತು
ಕೊಳೆಯದೆ ಕಪ್ಪಗಾದವು,
ಸಾವಿರ ಇರಬಹುದು. ಮುನ್ನೂರ ಹನ್ನೆರಡಕ್ಕೆ
ಎಣಿಕೆ ತಪ್ಪಿತು, ಮತ್ತೆ ಒಂದರಿಂದ ಎಣಿಸಲಿಲ್ಲ.
ಮೂರನೇ ರಾತ್ರಿ ಒಂದಕ್ಕೆ ಒರಗಿ ಮಲಗಿದೆ.
ದೂರದಲ್ಲಿ ನೀರುನಾಯಿಗಳ ಸಿಳ್ಳೆ,
ಟಿಟ್ಟಿಭ ಇಡೀ ರಾತ್ರಿ ಬೈಯಿತು, ನನ್ನನ್ನೇ.
ನಾನೂ ಬೈದೆ. ಎರಡು ದಿನದ ಮೇಲೆ
ನನ್ನ ದನಿ ನನಗೇ ಬೇರೆ ಯಾರದೋ ಅನಿಸಿತು,
ಚಿಕ್ಕ ಹುಡುಗಿಯದು.

ನಾಲ್ಕನೇ ದಿನ ತಗಡು ಕಿತ್ತು ಬಂತು.
ಎಡಗಾಲು ತೊಡೆವರೆಗೆ ಇಳಿಯಿತು,
ಕಾಲು ಕೀಳಲು ಹೋದರೆ ಬಲಗಾಲೂ.
ಕೆಸರಿಗೆ ಅವಸರವಿಲ್ಲ, ಅದು ಕಾಯುತ್ತದೆ.
ಕೂಗಿದೆನಾ? ಕೂಗಿದೆ.
ಗುಡ್ಡ ನನ್ನ ಕೂಗನ್ನು ನನಗೇ ವಾಪಸು ಕೊಟ್ಟಿತು,
ಅಂಗಡಿಯವ ಹರಿದ ನೋಟು ಕೊಟ್ಟ ಹಾಗೆ.
ಆಮೇಲೆ ಅಪ್ಪ ಹೊಳೆಯಲ್ಲಿ ಕಲಿಸಿದ್ದು ನೆನಪಾಯ್ತು:
ಮುಳುಗುವಾಗ ನಿಲ್ಲಬೇಡ, ಮಲಗು.
ಬೋರಲು ಮಲಗಿದೆ. ಕೈ ಚಾಚಿದೆ.
ನೀರಿಲ್ಲದ ಹೊಳೆಯಲ್ಲಿ ಈಜಿದೆ,
ಬಾಯಲ್ಲಿ ಮಣ್ಣು, ಮೂಗಲ್ಲಿ ಮಣ್ಣು,
ಬೊಡ್ಡೆಯೊಂದರ ಬೇರು ಸಿಗುವವರೆಗೆ
ಹನ್ನೆರಡು ಮಾರು, ಅರ್ಧ ಮಧ್ಯಾಹ್ನ.

ಎದ್ದು ಕೂತು ಬೆಲ್ಲ ತಿಂದೆ. ಅಷ್ಟು ಸಿಹಿ
ಬೆಲ್ಲ ನಾನು ತಿಂದದ್ದಿಲ್ಲ, ಮಣ್ಣಿನ ಸಮೇತ.

ಹಳೇ ಡ್ಯಾಮು ತಲುಪಿದ್ದು ಏಳನೇ ದಿನ.
ಗೋಡೆಯ ಮೇಲೆ ನಾಲ್ಕು ಹುಡುಗರು ಮೊಬೈಲು ಹಿಡಿದು
ಫೋಟೋ ತೆಗೆಯುತ್ತಿದ್ದರು. ನನ್ನ ನೋಡಿ
ಒಬ್ಬ ಹೆದರಿದ, ಒಬ್ಬ ನೀರು ಕೊಟ್ಟ.
ಎಲ್ಲಿಂದ ಅಂತ ಕೇಳಿದರೆ ಹಿಂದೆ ತಿರುಗಿ ತೋರಿಸಿದೆ:
ಕೆಸರಿನ ಮೇಲೆ ಎರಡು ಗೆರೆ, ನಡುವೆ ಡ್ರಮ್ಮಿನ ಅಗಲ ಗೆರೆ,
ಅಲ್ಲಲ್ಲಿ ಸೊಟ್ಟ.
ಆಗಲೇ ಕೊಡಚಾದ್ರಿ ಕಡೆಯಿಂದ ಗುಡುಗಿತು.

ಈಗ ಆಗಸ್ಟು. ಅದೇ ಜಾಗದ ಮೇಲೆ ದೋಣಿ,
ಕೆಳಗೆ ನಲವತ್ತಡಿ ನೀರು.
ಬಲೆಯ ಕಲ್ಲು ಇಳಿಯುತ್ತ ಇಳಿಯುತ್ತ
ಎಲ್ಲೋ ತಟ್ಟುತ್ತದೆ, ಬೆರಳಿಗೆ ಗೊತ್ತಾಗುತ್ತದೆ:
ಇದು ಬೊಡ್ಡೆ. ಇದು ನಾನು ಮಲಗಿದ್ದ ಗುಣಿ.
ಮೀನು ಸಿಕ್ಕರೆ ಸಿಕ್ಕಿತು.
ಬೂದ್ಯಪ್ಪ ಇನ್ನೂ ಕೇಳುತ್ತಾನೆ, ಅಲ್ಲಿ ಏನಿತ್ತೇ ಅಂತ.
ಟ್ಯೂಬು ಕಚ್ಚಿದ ಕಪ್ಪು ಬಳೆ
ಹಿಮ್ಮಡಿಯ ಮೇಲೆ ಇನ್ನೂ ಮಾಸಿಲ್ಲ.
ಕೆರೆದುಕೊಳ್ಳುತ್ತ ಹುಟ್ಟು ಹಾಕುತ್ತೇನೆ.