ಗಾಳಿಯ ಚಾಡಿ

ಹಿರುಕಾವಾ ತೊವಾ ನಮ್ಮತ್ತ ನೋಡುತ್ತಲೇ ಇರಲಿಲ್ಲ.
ಮತ್ಸುಎ ಊರಿನ ಮುಚ್ಚಿದ ಶಾಲೆಯ ಮರದ ನೆಲದ ಮೇಲೆ
ಬೆನ್ನು ಹಾಕಿ, ಸೀಮೆಎಣ್ಣೆ ಒಲೆಯ ಮಗ್ಗುಲಲ್ಲಿ ಕೂತು
ಹರಿದ ಕಾಲುಚೀಲಕ್ಕೆ ತೇಪೆ ಹಾಕುತ್ತ
ಕೇಳುತ್ತಿದ್ದರು.

ಕತ್ತಿ ಎತ್ತಿ ಬೀಸಿದೆ: ಭರ್ರ್.
"ಹೆಗಲು," ಅಂದರು, ಸೂಜಿಗೆ ದಾರ ಪೋಣಿಸುತ್ತ.
"ಸದ್ದು ನಿನ್ನ ಕಿವಿಯ ಹತ್ತಿರವೇ ಹುಟ್ಟಿಬಿಟ್ಟಿತು.
ಹುಟ್ಟಬೇಕಾದ್ದು ಅಲ್ಲಿ, ಎದುರಿನವನ ಹಣೆಯ ಮುಂದೆ.
ದಾರಿಯಲ್ಲೇ ಬುತ್ತಿ ಬಿಚ್ಚಿ ಉಂಡು
ಬರಿಗೈಲಿ ಊರು ಸೇರಿದ ಹಾಗಾಯಿತು."

ಮೊಮೊಸೆ ಬೀಸಿದ, ಮೀನು ಮಾರುಕಟ್ಟೆಯ ಲೆಕ್ಕಿಗ.
ಒಡಕು ಸದ್ದು, ಒಂದರ ಬೆನ್ನಿಗೊಂದು.
"ಅಲಗು ವಾಲಿದೆ. ಬಲಗೈ ಕತ್ತು ಹಿಸುಕುತ್ತಿದೆ,
ಎಡಗೈ ಕಿರುಬೆರಳು ನಿದ್ದೆ ಹೋಗಿದೆ. ಎಬ್ಬಿಸು."
ಅವನು ಬೆರಳನ್ನೇ ನೋಡಿಕೊಂಡ,
ಗಾಳಿ ಚಾಡಿ ಹೇಳೀತೆಂದು ಎಣಿಸಿರಲಿಲ್ಲ.

ಆ ಚಳಿಗಾಲ ಎರಡು ತಿಂಗಳ ಸಂಬಳ ಸುರಿದು ಹೊಸ ಕತ್ತಿ ತಂದೆ,
ಅಲಗಿನುದ್ದಕ್ಕೂ ಆಳವಾಗಿ ತೋಡಿದ ಕಾಲುವೆ.
ಹೇಗೆ ಬೀಸಿದರೂ ಸುಂಯ್!
ಹುಡುಗರು ತಿರುಗಿ ನೋಡಿದರು. ನನಗೆ ಕೋಡು ಮೂಡಿತು.
ತೊವಾ ದಾರ ಕಚ್ಚಿ ಹರಿದರು:
"ಮಾತಾಡಿದ್ದು ಕಾಲುವೆ. ನೀನು ಯಾವಾಗ?"

ಮೂಲೆಯಿಂದ ತಮ್ಮದನ್ನು ತೆಗೆದುಕೊಟ್ಟರು,
ಕಾಲುವೆಯಿಲ್ಲದ ಒರಟು ಭಾರ.
ಬೀಸಿದೆ. ಮೂಗ.
ಏಪ್ರಿಲ್ ತನಕ ಮೂಗ.
ಒಂದು ಸಂಜೆ ತೋಳು ಸೋತು, ಬಿಗಿ ಹಿಡಿಯಲು ತ್ರಾಣವಿಲ್ಲದೆ
ಎತ್ತಿದ್ದನ್ನು ಸುಮ್ಮನೆ ಬೀಳಲು ಬಿಟ್ಟೆ;
ಕೊನೆಯಲ್ಲಷ್ಟೇ, ಒದ್ದೆ ಬಟ್ಟೆ ಹಿಂಡಿದ ಹಾಗೆ, ಹಿಡಿ ಹಿಡಿದೆ.
ಕಾಗದ ಸೀಳಿದಷ್ಟು. ಅಷ್ಟೇ.
ಸೂಜಿ ಅರೆಗಳಿಗೆ ನಿಂತಿತು.
ಮತ್ತೆ ನಡೆಯಿತು.

ಈಗ ಅವರು ಇಜುಮೊದ ಆಸ್ಪತ್ರೆಯಲ್ಲಿ.
"ಬೀಸು, ಕೇಳುತ್ತೇನೆ," ಅಂದರು ಫೋನಿನಲ್ಲಿ.
ಮೊಬೈಲನ್ನು ನೆಲಕ್ಕಿಟ್ಟು ಇಪ್ಪತ್ತು ಬೀಸಿದೆ.
ಗಾಳಿಯನ್ನು ಗದ್ದಲವೆಂದು ಒರೆಸಿಹಾಕುವ ಯಂತ್ರ ಅದು,
ನನಗೆ ಆಮೇಲೆ ಗೊತ್ತಾದದ್ದು.
ಆ ಕಡೆ ಯಾವುದೋ ತಳ್ಳುಗಾಡಿಯ ಗಾಲಿ ಕಿರುಗುಟ್ಟಿ ದೂರವಾಯಿತು.

"ಕತ್ತಿ ಕೇಳಿಸಲಿಲ್ಲ," ಅಂದರು ಕೊನೆಗೆ.
"ನಿನ್ನ ಎಡ ಹಿಮ್ಮಡಿ ಕೇಳಿಸಿತು. ತಡವಾಗಿ ಬೀಳುತ್ತಿದೆ.
ಅಂದಮೇಲೆ ಕತ್ತಿಯೂ ಕೆಟ್ಟೇ ಇರಬೇಕು,
ಹನ್ನೊಂದನೆಯದು ಬಿಟ್ಟು."

ಹನ್ನೊಂದನೆಯದು.
ಆಗ ನಾನು ಏನು ಯೋಚಿಸುತ್ತಿದ್ದೆ?
ರಾತ್ರಿಯ ಅನ್ನಕ್ಕೆ
ಅಕ್ಕಿ ನೆನೆಹಾಕಿದೆನೋ ಇಲ್ಲವೋ ಅಂತ.