ಕೋಳಿ ಗಡಿಯಾರ

ತಿಂಗಳ ಎರಡನೇ ಮಂಗಳವಾರ
ಹೆಸಲ್ ರಸ್ತೆಯ ಸಮುದಾಯ ಭವನದ ಹಿಂಕೋಣೆಯಲ್ಲಿ
ಕವಿಗೋಷ್ಠಿ.
ಬೆಳಗ್ಗೆ ಅಲ್ಲೇ ರಕ್ತದಾನ, ಮಧ್ಯಾಹ್ನ ಬಿಂಗೋ.
ಸ್ಪಿರಿಟ್ಟಿನ ವಾಸನೆ ಇನ್ನೂ ಕುರ್ಚಿ ಬಿಟ್ಟು ಎದ್ದಿರುವುದಿಲ್ಲ,
ನಾವು ಹೋಗಿ ಅದರ ಪಕ್ಕ ಕೂರುತ್ತೇವೆ.

ನಾನು ಕವಿಯಲ್ಲ.
ಹಗಲು ಈ ಹಲ್ ನಗರದ ಬೀದಿಬೀದಿ ಅಲೆದು
ನಿಂತ ಕಾರುಗಳಿಗೆ ದಂಡದ ಚೀಟಿ ಅಂಟಿಸುವವಳು.
ಗಾಜಿನ ಮೇಲಿನ ಹೊತ್ತು, ನನ್ನ ಕೈಗಡಿಯಾರದ ಹೊತ್ತು,
ನಡುವಿನ ಅಂತರವೇ ನನ್ನ ಸಂಬಳ.
ಅದಕ್ಕೇ ಇಲ್ಲೂ ನನಗೇ ವಹಿಸಿದ್ದಾರೆ
ಸಮಯ ಕಾಯುವ ಕೆಲಸ, ಜೊತೆಗೆ
ಅಡುಗೆಮನೆಯ ಒಂದು ಪ್ಲಾಸ್ಟಿಕ್ ಕೋಳಿ.
ಕೊರಳು ತಿರುಚಿ ಇಟ್ಟರೆ ಕಿಟಿಕಿಟಿ ಎನ್ನುತ್ತ
ಐದು ನಿಮಿಷಕ್ಕೆ ಸರಿಯಾಗಿ ಕೂಗುತ್ತದೆ.

ತನ್ನ ಕೋಳಿ ಕೂಗದೆ ಊರಿಗೆ ಬೆಳಗಾಗದೆಂದು
ಬೀಗಿದ್ದಳಲ್ಲ ಕಥೆಯ ಮುದುಕಿ,
ಅವಳೇ ನಾನು.
ನನ್ನ ಕೋಳಿ ಕೂಗದೆ ಇಲ್ಲಿ
ಒಂದು ಕವಿತೆಯೂ ಮುಗಿದ ದಾಖಲೆಯಿಲ್ಲ.

ಡೆರಿಕ್‌ನದು ಯಾವತ್ತೂ ಅದೇ ವಿಚ್ಛೇದನ,
ಹನ್ನೊಂದು ವರ್ಷದಿಂದ ಅವಳು ಪ್ರಾಸಬದ್ಧವಾಗಿ
ಬಾಗಿಲು ದಾಟುತ್ತಲೇ ಇದ್ದಾಳೆ.
ರೇಬಿನ್ ಕುರ್ದಿಶ್‌ನಲ್ಲಿ ಓದಿ
ಇಂಗ್ಲಿಷಿನಲ್ಲಿ ಕ್ಷಮೆ ಕೇಳುತ್ತಾನೆ;
ಕ್ಷಮೆಯೂ ಕವಿತೆಯ ಕೊನೆಯ ಸಾಲೇ ಅಂದುಕೊಂಡು
ಮೂರು ತಿಂಗಳು ಚಪ್ಪಾಳೆ ತಟ್ಟಿದೆವು.
ಬಾಸಿಲ್ ಬರೆದು ತಂದದ್ದು ನನ್ನ ಮೇಲೆ!
ಮೂವತ್ತೈದು ಪೌಂಡಿನ ಚೀಟಿಗೆ ಹದಿನಾಲ್ಕು ಸಾಲು,
ಒಂದು ಕಡೆ ರಣಹದ್ದು, ಇನ್ನೊಂದು ಕಡೆ ಯಮದೂತೆ
ಅನ್ನುವಂಥದ್ದೇ ಏನೋ.
ಎಲ್ಲರೂ ನಕ್ಕರು, ನಾನೂ ನಕ್ಕೆ,
ಒಂದು ಸೆಕೆಂಡೂ ಹೆಚ್ಚಿಗೆ ಕೊಡಲಿಲ್ಲ.

ಪಟ್ಟಿಯಲ್ಲಿ ಕೊನೆಯ ಹೆಸರು ಮೇವಿಸ್.
ಎಂಬತ್ತೊಂದು. ಬಿಸ್ಕತ್ತಿಗೆಂದೇ ಎರಡು ವರ್ಷ ಬಂದವಳು.
ಕಾಗದ ತಂದಿರಲಿಲ್ಲ, ಬಾಯಿಪಾಠ ಎಂದಳು.
ಬಂದರಿನ ಮೀನುಶೆಡ್ಡು, ಚಳಿಗೆ ಮರಗಟ್ಟಿದ ಕೈಗವಸು,
ಬೆಳಗಿನ ಜಾವ ನಾಲ್ಕು, ಅಣ್ಣನ ಹಡಗು -
ಅಲ್ಲಿಗೆ ನಿಂತಿತು.

ನಿಂತೇ ಇತ್ತು.
ಚಹಾದ ಬಾಯ್ಲರು ಗುಂಯ್ಗುಟ್ಟಿತು.
ಡಬ್ಬಿಯ ಮುಚ್ಚಳ ತೆಗೆದ ಬೋಜೆನಾ
ಅದನ್ನು ಕೆಳಗಿಡಲೂ ಇಲ್ಲ, ಮುಚ್ಚಲೂ ಇಲ್ಲ.
ಕಿಟಿಕಿಟಿ ಮಾತ್ರ ಊರಗಲ ಕೇಳಿಸುತ್ತಿತ್ತು.
ಕಾರಿಗಾದರೆ ಹತ್ತು ನಿಮಿಷದ ವಿನಾಯಿತಿಯಿದೆ,
ಕಾನೂನು ಕೊಟ್ಟದ್ದು;
ಮರೆತ ಸಾಲಿಗೆ ಯಾವ ಕಾನೂನು?

ಮೇಜಿನ ಕೆಳಗೆ ಕೋಳಿಯ ಕೊರಳಿಗೆ
ಹೆಬ್ಬೆರಳು ಒತ್ತಿ ಹಿಡಿದೆ.
ಒಳಗಿನ ಸ್ಪ್ರಿಂಗು ಜೀವದ ಹಾಗೆ ನೂಕುತ್ತಿತ್ತು.

ಆಗ ಮೇವಿಸಳ ಕೈ ಎದ್ದವು.
ಎಡಗೈ ಗಾಳಿಯಲ್ಲಿ ಏನನ್ನೋ ಅದುಮಿ ಹಿಡಿಯಿತು,
ಬಲಗೈ ಕಿವಿರಿನಿಂದ ಬಾಲದವರೆಗೆ
ಒಂದೇ ಎಳೆತಕ್ಕೆ ಸೀಳಿ, ಮಗುಚಿ, ಸೀಳಿ, ಸರಿಸಿತು.
ಮತ್ತೊಂದು. ಮತ್ತೊಂದು.
ಕಣ್ಣು ನಮ್ಮ ಕಡೆ ಇರಲಿಲ್ಲ.
ಎಣಿಸುವ ಚಟ ಬಿಡಬೇಕಲ್ಲ, ಎಣಿಸಿದೆ:
ಹನ್ನೊಂದು ಮೀನು.
ಆಮೇಲೆ ಕೈ ಲಂಗಕ್ಕೆ ಒರೆಸಿಕೊಂಡು
"ಅಷ್ಟೇ ಇದ್ದದ್ದು" ಎಂದು ಕೂತಳು.

ಕುರ್ಚಿ ಮಡಚುವಾಗ ಬಾಸಿಲ್ ಕೇಳಿದ,
ಎಷ್ಟು ಹೊತ್ತು ತಗೊಂಡಳು ಅವಳು?
ಐದು ನಿಮಿಷ, ಎಂದೆ.
ಹೊರಗೆ ಜೋಡಿ ಹಳದಿ ಗೆರೆಯ ಮೇಲೆ
ಅವನ ಕಾರು ಆರಾಮಾಗಿ ನಿಂತಿತ್ತು.
ನಾನು ಯೂನಿಫಾರ್ಮಿನಲ್ಲಿ ಇರಲಿಲ್ಲ.

ಉಣ್ಣೆಟೋಪಿಯಲ್ಲಿ ಬಿಗಿಯಾಗಿ ಸುತ್ತಿಟ್ಟಿದ್ದ ಕೋಳಿ
ಬಸ್ಸಿನ ಕುಲುಕಾಟಕ್ಕೆ ಸಡಿಲಾಗಿ
ಚೀಲದೊಳಗಿಂದ ಕೂಗಿಯೇ ಬಿಟ್ಟಿತು.
ಡ್ರೈವರು ಕನ್ನಡಿಯಲ್ಲಿ ತಿರುಗಿ ನೋಡಿದ.
ಬೆಳಗಾಗಲು ಇನ್ನೂ ಒಂಬತ್ತು ಗಂಟೆ ಇತ್ತು.