ಹತ್ತನೆಯ ಕಾಲು

ನಾಲ್ಕನೇ ಚುಕ್ಕಿಯಲ್ಲಿ ನಿಂತುಬಿಡುತ್ತದೆ.
ಫ್ಯಾನು ತಿರುಗುತ್ತದೆ. ದೀಪ ಉರಿಯುತ್ತದೆ. ಕಂಪನಿಯ ಹೆಸರು
ಪರದೆಯ ನಡುವೆ ಎದೆಯುಬ್ಬಿಸಿ ಕೂರುತ್ತದೆ.
ಅದರಡಿ ಒಂದು, ಎರಡು, ಮೂರು ಚುಕ್ಕಿ ಸುತ್ತು ಹೊಡೆಯುತ್ತವೆ,
ನಾಲ್ಕನೆಯದು ಅರ್ಧ ದಾರಿಗೆ ಹ್ಯಾಂಗ್.
ಆಮೇಲೆ ಕೀಲಿಮಣೆ ಕುಟ್ಟಿದರೆ ಕಲ್ಲು ಕುಟ್ಟಿದ ಹಾಗೆ.

ವೂಚ್ ಊರಲ್ಲಿ ಇಪ್ಪತ್ತೊಂಬತ್ತು ವರ್ಷ ಟ್ರಾಮ್ ಓಡಿಸಿದವಳು ನಾನು.
ಹಳಿ ಕಿತ್ತುಹಾಕಿದ ನನ್ನ ಮಾರ್ಗವನ್ನು
ಯಾರೋ ಪುಣ್ಯಾತ್ಮ ಕಂಪ್ಯೂಟರ್ ಆಟವಾಗಿ ಕಟ್ಟಿದ್ದಾನಂತೆ,
ಸೇತುವೆಯ ತಿರುವು, ಸೇಬಿನ ತೋಟದ ಹಿಂದಿನ ಕೊನೇ ನಿಲ್ದಾಣ ಸಮೇತ.
ಅದನ್ನು ಓಡಿಸಲೆಂದೇ ಈ ಡಬ್ಬ.
ಬಿಡಿಬಿಡಿಯಾಗಿ ತರಿಸಿದೆ, ಪಿಂಚಣಿಗೊಂದು ತುಂಡು:
ಮೇ ತಿಂಗಳಲ್ಲಿ ಮದರ್‌ಬೋರ್ಡ್, ಜುಲೈನಲ್ಲಿ ಪ್ರೊಸೆಸರ್,
ಆಗಸ್ಟಿನಲ್ಲಿ ಏನೂ ಇಲ್ಲ, ಹಲ್ಲು ಕಟ್ಟಿಸಿಕೊಂಡೆ.

ಟ್ರಾಮ್ ಕೆಟ್ಟರೆ ನನಗೆ ಗೊತ್ತು. ಮೊದಲು ತಲೆಯ ಮೇಲಿನ ತಂತಿ,
ಆಮೇಲೆ ಬಾಗಿಲು, ಬ್ರೇಕು, ಕೊನೆಗೆ
ಹಳಿಯ ಮೇಲೆ ಮಲಗಿದ ಕುಡುಕ.
ಇದರಲ್ಲಿ ಕುಡುಕ ಎಲ್ಲಿದ್ದಾನೆ?

ಗ್ರಾಫಿಕ್ಸ್ ಕಾರ್ಡ್ ಕಿತ್ತೆ. ನಾಲ್ಕನೇ ಚುಕ್ಕಿ.
ಮೆಮೊರಿ ಪಟ್ಟಿ ಎರಡರಲ್ಲಿ ಒಂದನ್ನು ತೆಗೆದೆ, ಅದನ್ನು ಹಾಕಿ ಇನ್ನೊಂದನ್ನು ತೆಗೆದೆ,
ಚಿನ್ನದ ಹಲ್ಲುಗಳನ್ನು ರಬ್ಬರಿನಿಂದ ತಿಕ್ಕಿದೆ.
ನಾಲ್ಕು.
ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ: ಹೊಚ್ಚ ಹೊಸ ಡಿಸ್ಕನ್ನು
ಎರಡು ಸಲ ಒರೆಸಿ ಬರಿದು ಮಾಡಿದೆ.
ಒಮ್ಮೆ ಐದನೇ ಚುಕ್ಕಿ ಬಂತು! ಕಿರುಚಿಕೊಂಡೆ. ಮತ್ತೆ ಬರಲಿಲ್ಲ.
ಪೂರಾ ಕೆಟ್ಟಿದ್ದರೆ ಎಸೆಯಬಹುದಿತ್ತು,
ಒಮ್ಮೊಮ್ಮೆ ಸರಿಯಾಗುತ್ತದಲ್ಲ, ಅದೇ ಮೈ ಉರಿಸುವುದು.
ಬೋರ್ಡಿನ ನಾಣ್ಯದಂಥ ಬ್ಯಾಟರಿಯನ್ನೂ ತೆಗೆದು ಕಿಟಕಿಯಲ್ಲಿಟ್ಟು
ಇಪ್ಪತ್ತು ನಿಮಿಷ ಆಲೂಗಡ್ಡೆ ಸುಲಿದೆ,
ಅದು ಎಲ್ಲ ಮರೆಯಲಿ ಎಂದು.

ಮೇಲಿನ ಮಹಡಿಯ ಪಾನಿ ಲಿಯೊಕಾದಿಯಾ ಗಸಗಸೆಯ ಕೇಕು ಹಿಡಿದು ಇಳಿದು ಬಂದರು.
ಎಂಬತ್ತನಾಲ್ಕು. ಕೆಂಪಿಟ್ಟಿಗೆಯ ಗಿರಣಿಯಲ್ಲಿ ಆರು ಮಗ್ಗ ನೋಡಿಕೊಂಡವರು,
ಆ ಸದ್ದಿಗೆ ಎಡಗಿವಿ ಕೊಟ್ಟವರು.
'ಏನು ನೇಯುತ್ತಿದೆ ಇದು?'
'ನೇಯುತ್ತಿಲ್ಲ, ಅದೇ ರಗಳೆ.'
'ಹಾಗಾದರೆ ಬಟ್ಟೆ ನೋಡಬೇಡ ಗ್ರಾಜಿನಾ, ಮಗ್ಗದ ಅಡಿ ಬಗ್ಗು.
ಎಳೆ ಕಡಿದರೆ ಕಣ್ಣಿಗೆ ಕಾಣುತ್ತೆ.
ಎಳೆ ಎಲ್ಲ ನೆಟ್ಟಗಿದ್ದೂ ಲಾಳಿ ನಿಂತರೆ
ಎಲ್ಲೋ ಏನೋ ಉಜ್ಜುತ್ತಿದೆ.'
ಹೇಳಿ, ಕೇಕಿನ ದೊಡ್ಡ ತುಂಡು ತಾವೇ ತಿಂದರು.

ಬೋರ್ಡನ್ನು ಹೊರಗೆಳೆದು, ಅದು ಬಂದಿದ್ದ ರಟ್ಟಿನ ಮೇಲೆ ಬೆತ್ತಲೆ ಮಲಗಿಸಿದೆ.
ಎರಡು ಪಿನ್ನಿಗೆ ಸ್ಕ್ರೂಡ್ರೈವರಿನ ತುದಿ ಮುಟ್ಟಿಸಿದೆ,
ಮುಂದೆ ಮುದುಕರು ದಾಟುವಾಗ ಗಂಟೆ ಒತ್ತುವಷ್ಟು ಹಗುರಾಗಿ.
ಮೂರು. ನಾಲ್ಕು. ಐದು. ಆರು,
ಸುತ್ತುತ್ತಲೇ ಹೋದವು, ನನಗೇ ತಲೆ ತಿರುಗುವ ತನಕ.
'ಯಾವ ಭಾಷೆ?' ಎಂದು ಕೇಳಿತು ಪರದೆ.
ಲಿಯೊಕಾದಿಯಾ ನನ್ನ ಮುಖ ನೋಡಿದರು.
ನಾನು ಖಾಲಿ ಡಬ್ಬದ ಒಳಗೆ ನೋಡಿದೆ.

ಬೋರ್ಡು ನಿಲ್ಲಲೆಂದು ನಾನು ನೆಟ್ಟ ಹಿತ್ತಾಳೆಯ ಕುಳ್ಳ ಕಾಲುಗಳು ಹತ್ತು.
ಬೋರ್ಡಿನಲ್ಲಿ ತೂತು ಒಂಬತ್ತು.
ಹತ್ತನೆಯದು, ಇನ್ನಷ್ಟು ಗಟ್ಟಿಯಾಗಿರಲಿ ಎಂದು ನಾನೇ ತಿರುಪಿದ್ದು,
ತೂತೇ ಇಲ್ಲದ ಜಾಗದಲ್ಲಿ
ನಂಬಿಗಸ್ತನಂತೆ ಬೆನ್ನಿಗೆ ನಿಂತಿತ್ತು.
ಕಾವೇರಿ ಬೋರ್ಡು ಕೂದಲೆಳೆಯಷ್ಟು ಬಾಗಿದಾಗಲೆಲ್ಲ
ಬೆಸುಗೆಯ ಮೊನೆಗೆ ತಾಗುತ್ತಿತ್ತು.
ಕೆಟ್ಟದ್ದು ಯಾವುದೂ ಇರಲಿಲ್ಲ.

ಬಿಚ್ಚಿ ಅಂಗೈಯಲ್ಲಿಟ್ಟುಕೊಂಡೆ. ಮೆಕ್ಕೆಜೋಳದ ಕಾಳಿನಷ್ಟು.
ಲಿಯೊಕಾದಿಯಾ ಅದನ್ನು ಏಪ್ರನ್ ಜೇಬಿಗೆ ಹಾಕಿಕೊಂಡರು,
ಗುಂಡಿಗಳ ಡಬ್ಬಿಗೆ ಬೇಕಂತೆ. ಯಾಕೆಂದು ಕೇಳಲಿಲ್ಲ.

ಈಗ ರಾತ್ರಿ ಹನ್ನೊಂದು. ಎಲ್ಲ ಮತ್ತೆ ಒಳಗೆ.
ಒಂದು ತಿರುಪು ಮಾತ್ರ ಮೇಜಿನ ಮೇಲೆ ಉಳಿದಿದೆ, ಎಲ್ಲಿಯದೋ.
ಬ್ಯಾಟರಿ ತೆಗೆದಿದ್ದಕ್ಕೆ ಗಡಿಯಾರ ಹಿಂದಕ್ಕೆ ಹೋಗಿ ಕೂತಿದೆ:
ಜನವರಿ ಒಂದು, ನಡುರಾತ್ರಿ,
ನನ್ನ ಮಾರ್ಗದಲ್ಲಿ ಇನ್ನೂ ಹಳಿಗಳಿದ್ದ ವರ್ಷ.
ಸರಿಮಾಡಬೇಕು.
ಮೊದಲು ಕೈ ತೊಳೆಯುತ್ತೇನೆ, ಗಸಗಸೆ ಅಂಟಿದೆ.